ಲವಂಗದ ಡಬ್ಬ

ಮುಚ್ಚಳ ಎತ್ತಿದ ಕೂಡಲೇ ಲವಂಗದ ವಾಸನೆ ಬಂತು. ಒಳಗೆ ಬೇರೇನೂ ಇರಲಿಲ್ಲ. ಐರ್ಲೆಂಡಿನಿಂದ ಕೊರಿಯರಿನಲ್ಲಿ ಬಂದ ಹಳೇ ಬಿಸ್ಕತ್ತಿನ ಡಬ್ಬವನ್ನು ಅಲ್ ಅಜೀಜಿಯಾದ ನಮ್ಮ ಫ್ಲಾಟಿನಲ್ಲಿ, ಊಟದ ಮೇಜಿನ ಮೇಲೆ ಇಟ್ಟುಕೊಂಡು ನಾನೂ ಅಮ್ಮನೂ ಕೂತಿದ್ದೆವು. ಜಿರಳೆ ಬಾರದಿರಲಿ ಅಂತ ಅಮ್ಮ ಇದರಲ್ಲಿ ಅಜ್ಜಿಯ ಕಾಗದಗಳ ನಡುವೆ ಲವಂಗ ಹಾಕಿಡುತ್ತಿದ್ದಳು. ಆ ವಾಸನೆಗೆ ಇದೇ ದೋಹಾದಲ್ಲಿ ನಾನು ಬೆಳೆದ ಮನೆ ಎದ್ದು ಬಂತು. ಈಗ ಪಾರ್ಕಿಂಗ್ ಜಾಗವಾಗಿರುವ ಆ ವಿಲ್ಲಾದ ಕೆಳಗಿನ ಎರಡು ಕೋಣೆ, ಎಸಿಯಿಂದ ತೊಟ್ಟಿಕ್ಕುವ ನೀರಿಗೆ ಇಟ್ಟ ಬಕೆಟ್ಟು, ಮಹಡಿಯಿಂದ ಇಳಿದು ಬರುವ ನೋರಾ ಆಂಟಿಯ ಚಪ್ಪಲಿ ಸದ್ದು.

ನೋರಾ ಆಂಟಿ ಐರ್ಲೆಂಡಿನವರು. ಅವರ ಗಂಡ ಇಂಜಿನಿಯರ್, ಅದೇ ಕಂಪನಿಯಲ್ಲಿ ನನ್ನ ಅಪ್ಪ ಗುಮಾಸ್ತ. ಊರಿನ ಕಾಗದಗಳೆಲ್ಲ ಬರುತ್ತಿದ್ದದ್ದು ಆಫೀಸಿನ ಪೋಸ್ಟ್ ಬಾಕ್ಸಿಗೆ. ಅಪ್ಪ ಎರಡೂ ಮನೆಯವನ್ನು ಟಿಫಿನ್ ಚೀಲದಲ್ಲಿ ತರುತ್ತಿದ್ದರು. ಶುಕ್ರವಾರ ಪಾದ್ರಿಗಳ ಪೂಜೆ ಮುಗಿಸಿ ಬಂದ ಮೇಲೆ ನಮ್ಮ ಅಡುಗೆ ಕೋಣೆಯಲ್ಲಿ ಓದುವ ಕಾರ್ಯಕ್ರಮ. ಅಮ್ಮ ನೀರುದೋಸೆ ಹೊಯ್ಯುತ್ತಾ, ಅಜ್ಜಿ ಕನ್ನಡ ಅಕ್ಷರದಲ್ಲಿ ಬರೆದ ಕೊಂಕಣಿಯನ್ನು ತನ್ನ ಹರಕು ಇಂಗ್ಲಿಷಿನಲ್ಲಿ ಹೇಳುವಳು. ಹೊಸ ತೆನೆಯ ಮೊಂತಿ ಹಬ್ಬಕ್ಕೆ ಯಾರು ಬಂದರು, ಯಾವ ಕೋಳಿಯನ್ನು ಕೀರಿ ಹಿಡಿಯಿತು. ಆಂಟಿ ದೋಸೆ ತಿನ್ನುತ್ತಾ ತನ್ನ ಅಮ್ಮನ ಕಾಗದ ಓದುವರು. ಅಲ್ಲೂ ಅದೇ ದನ, ಅದೇ ಮಳೆ, ಅದೇ ಸತ್ತವರ ಸುದ್ದಿ. ಇಬ್ಬರೂ ನಗುತ್ತಿದ್ದರು. ಅಮ್ಮ ಅಷ್ಟು ಚಂದವಾಗಿ ನಗುವುದನ್ನು ನಾನು ಆಮೇಲೆ ನೋಡಿಲ್ಲ.

ಅಜ್ಜಿ ತೀರಿಕೊಂಡಾಗ ಅಪ್ಪನಿಗೆ ರಜೆ ಸಿಗಲಿಲ್ಲ, ಪಾಸ್‌ಪೋರ್ಟೆಲ್ಲ ಕಂಪನಿಯ ಕಪಾಟಿನಲ್ಲಿ. ಹೆತ್ತ ತಾಯಿಗೆ ಒಂದು ಹಿಡಿ ಮಣ್ಣು ಹಾಕಲೂ ಅಮ್ಮನಿಗೆ ಆಗಲಿಲ್ಲ. ಆಂಟಿ ಬಂದು ಇಡೀ ದಿನ ಅವಳ ಕೈ ಹಿಡಿದು ಕೂತಿದ್ದರು, ಅದನ್ನು ಇಲ್ಲ ಅನ್ನಲಾರೆ. ಅಲ್ಲಿಂದ ಮುಂದೆ ಅಮ್ಮನ ಪಾಲಿಗೆ ಅಜ್ಜಿ ಅಂದರೆ ಆ ಡಬ್ಬದ ಕಾಗದಗಳು, ಅಷ್ಟೇ.

ಆಮೇಲೆ ಅಪ್ಪನ ವೀಸಾ ಕ್ಯಾನ್ಸಲ್ ಆಯಿತು. ಖಲಾಸ್. ಪೆಟ್ಟಿಗೆ ತೂಗಿದರೆ ಮಿತಿ ಮೀರಿತ್ತು. ಕಂಬಳಿ, ಹಾಲಿನ ಪುಡಿ, ಸೆಂಟು ಬಿಟ್ಟು ಊರಿಗೆ ಬರಿಗೈಯಲ್ಲಿ ಹೋಗಲಿಕ್ಕಾಗುತ್ತದಾ ಅಂತ ಅಪ್ಪ ಡಬ್ಬವನ್ನೇ ಹೊರಗಿಟ್ಟರು. ಅದೇ ತಿಂಗಳು ಆಂಟಿಯೂ ಐರ್ಲೆಂಡಿಗೆ ಹೊರಟಿದ್ದರು. ಅವರ ಸೋಫಾ, ಮಂಚಕ್ಕೆಲ್ಲ ಕಂಪನಿಯ ಕಂಟೇನರ್ ಇತ್ತು ಮಾರಾಯ್ರೆ. ನನ್ನ ಹತ್ತಿರ ಕೊಡು, ಅಲ್ಲಿಂದ ಕಳಿಸುತ್ತೇನೆ ಅಂದರು. ಅಮ್ಮ ಕೊಟ್ಟಳು. ಮೊದಲ ಕ್ರಿಸ್ಮಸ್ಸಿಗೆ ಕಾರ್ಡ್ ಬಂತು, ಡಬ್ಬ ಭದ್ರವಾಗಿದೆ ಅಂತ. ಆಮೇಲೆ ಕಾರ್ಡೂ ನಿಂತಿತು. ಒಂದು ಸಲ ಬರೆದು ಕೇಳು ಅಂದರೆ ಅಮ್ಮನಿಗೆ ದಾಕ್ಷಿಣ್ಯ, ಮತ್ತೆ ಮತ್ತೆ ಕೇಳಿದರೆ ನಂಬಿಕೆ ಇಲ್ಲ ಅಂತ ಆಗುತ್ತದಂತೆ. ಈ ದಾಕ್ಷಿಣ್ಯಕ್ಕಿಷ್ಟು ಬೆಂಕಿ ಬಿತ್ತು!

ನಾನು ದೊಡ್ಡವಳಾಗಿ, ದೋಹಾದ ವೆಸ್ಟ್ ಬೇಯಲ್ಲಿ ಕೆಲಸ ಹಿಡಿದು, ಅಪ್ಪ ಹೋದ ಮೇಲೆ ಅಮ್ಮನನ್ನು ಇಲ್ಲಿಗೇ ಕರೆಸಿಕೊಂಡೆ. ಈ ವರ್ಷ ಆಂಟಿಯ ಮಗಳನ್ನು ಇಂಟರ್ನೆಟ್ಟಿನಲ್ಲಿ ಹುಡುಕಿ ಬರೆದೆ. ಒಳ್ಳೆಯ ಹುಡುಗಿ, ಎರಡೇ ದಿನದಲ್ಲಿ ಉತ್ತರಿಸಿದಳು. ಆಂಟಿ ತೀರಿಕೊಂಡಿದ್ದಾರೆ. ಆಂಟಿ ಊರಿಗೆ ಬರೆದದ್ದು, ಊರಿನವರು ಆಂಟಿಗೆ ಬರೆದದ್ದು, ಎಲ್ಲವನ್ನೂ ಅಲ್ಲಿಯ ಒಂದು ಸಂಗ್ರಹಾಲಯ ಕೇಳಿ ತೆಗೆದುಕೊಂಡಿದೆ. ಡಬ್ಬದಲ್ಲಿದ್ದವನ್ನು ಓದುವವರು ಯಾರೂ ಇರಲಿಲ್ಲ, ಮನೆ ಖಾಲಿ ಮಾಡುವಾಗ ರದ್ದಿಗೆ ಹೋದವು, ಡಬ್ಬ ಚಂದ ಇತ್ತು ಅಂತ ಇಟ್ಟುಕೊಂಡಿದ್ದೆ, ಕಳಿಸುತ್ತೇನೆ ಅಂದಳು. ಅವರ ಕಾಗದಗಳಿಗೆ ತಣ್ಣಗಿನ ಕೋಣೆ, ನನ್ನ ಅಜ್ಜಿಯವು ರದ್ದಿ.

ಅಮ್ಮ ಡಬ್ಬಕ್ಕೆ ಮೂಗಿಟ್ಟು ಮೂಸಿದಳು. ಆಮೇಲೆ ಅಂದಳು, “ನೋರಾ ನಮ್ಮ ಸುದ್ದಿಯೆಲ್ಲ ಅವಳ ಅಮ್ಮನಿಗೆ ಬರೀತಿದ್ಲು. ಅದರಲ್ಲಿ ನನ್ನ ಅಮ್ಮನದ್ದು ಏನಾದ್ರೂ ಉಂಟಾ ಕೇಳು.”

ಕೇಳಿದೆ. ಆಂಟಿಯ ಮಗಳು ಸಂಗ್ರಹಾಲಯಕ್ಕೆ ಹೋಗಿ ಹುಡುಕಿಸಿ, ಸಿಕ್ಕಿದ ಒಂದೇ ಒಂದು ಸಾಲಿನ ಫೋಟೋ ಕಳಿಸಿದಳು. ನಾನು ಅಮ್ಮನಿಗೆ ನಮ್ಮ ಮಾತಿನಲ್ಲಿ ಓದಿ ಹೇಳಿದೆ: “ಕೆಳಗಿನ ಮನೆಯ ಇಂಡಿಯನ್ ಹೆಂಗಸಿನ ತಾಯಿ ತೀರಿಕೊಂಡಳು, ಪಾಪ, ಹಾಗಾಗಿ ಈ ಶುಕ್ರವಾರ ಆ ತೆಳು ದೋಸೆ ಇಲ್ಲ.”

ಅಜ್ಜಿಯ ಹೆಸರು ಸೆವ್ರಿನ್. ಅದೂ ಇರಲಿಲ್ಲ, ಅಮ್ಮನ ಹೆಸರೂ ಇರಲಿಲ್ಲ.

“ಅಷ್ಟೇಯಾ?” ಅಂದಳು ಅಮ್ಮ. ಅಷ್ಟೇ ಅಂದೆ. ಅದನ್ನೇ ಪ್ರಿಂಟ್ ತೆಗೆಸಿಕೊಂಡು ಬಾ ಅಂದಳು. ಮರುದಿನ ಆಫೀಸಿನಿಂದ ತಂದುಕೊಟ್ಟೆ. ಅವಳು ಅದನ್ನು ನಾಲ್ಕಾಗಿ ಮಡಚಿ ಡಬ್ಬದೊಳಗೆ ಇಟ್ಟಳು, ಅಡುಗೆ ಮನೆಯಿಂದ ಎರಡು ಲವಂಗ ತಂದು ಹಾಕಿ ಮುಚ್ಚಳ ಮುಚ್ಚಿದಳು.