ಗಾಡಿಯೊಳಗಿನ ಆರು ಇಂಚು

ನನ್ನ ಅಕ್ಕನ ಕಸುಬನ್ನು ಕಿತ್ತುಕೊಂಡವನು ನಾನು. ಅಳತೆಯ ಟೇಪಿನ ತುದಿಯನ್ನು ಇಡಬೇಕಾದ ಕಡೆ ಇಡದೆ, ಆರು ಇಂಚು ಈಚೆಗೆ ಹಿಡಿದು ಕಿತ್ತುಕೊಂಡೆ. ಹನ್ನೆರಡು ವರ್ಷ, ಹೋದ ತಿಂಗಳವರೆಗೆ, ಇದನ್ನು ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ. ನೆಂಟರಿಷ್ಟರು ಸೇರಿದಾಗ ಪುಟ್ಟಮಣಿ ಮೋಟರ್ ಕೆಲಸ ಯಾಕೆ ಬಿಟ್ಟಳು ಎಂಬ ಮಾತು ಬರುತ್ತದೆ. ಹೆಂಗಸರಿಗೆ ಅದೆಲ್ಲ ಎಲ್ಲಾಗುತ್ತದೆ ಎಂದು ಯಾರಾದರೊಬ್ಬರು ಹೇಳುತ್ತಾರೆ. ನಾನು ಪಕ್ಕದಲ್ಲೇ ಕೂತು ಕಾಫಿ ಕುಡಿಯುತ್ತಿರುತ್ತೇನೆ.

ಪುಟ್ಟಮಣಿ ನನಗಿಂತ ಏಳು ವರ್ಷ ದೊಡ್ಡವಳು. ನಂಜನಗೂಡಿನ ಹತ್ತಿರ ಕಾರ್ಖಾನೆಗಳೇ ತುಂಬಿದ ತಾಂಡ್ಯದಲ್ಲಿ, ಒಂದೇ ಕಾರ್ಖಾನೆಯಲ್ಲಿ ನಾವಿಬ್ಬರೂ ಕೆಲಸಕ್ಕಿದ್ದೆವು. ನಾನು ಫಿಟ್ಟರ್, ಅವಳು ವೈಂಡಿಂಗ್ ವಿಭಾಗದಲ್ಲಿ — ಮೋಟರಿನ ಹೊಟ್ಟೆಯೊಳಗೆ ತಾಮ್ರದ ತಂತಿ ಸುತ್ತಿ ಕೂರಿಸುವ ಕೆಲಸ. ಬೆರಳು ಸಣ್ಣಗಿರಬೇಕು, ತಾಳ್ಮೆ ಇರಬೇಕು ಎಂದು ಅಲ್ಲಿಗೆ ಹೆಂಗಸರನ್ನೇ ಹೆಚ್ಚಾಗಿ ತೆಗೆದುಕೊಂಡಿದ್ದರು. ಅಕ್ಕ ಪ್ರತಿಯೊಂದು ಕಾಯಿಲಿನ ಸುತ್ತುಗಳನ್ನೂ ಎರಡು ಸಲ ಎಣಿಸುವಳು. ಒಂದೇ ಒಂದು ಸುತ್ತಿನ ಮೇಲೆ ಅನುಮಾನ ಬಂದರೂ ಪೂರ್ತಿ ಬಿಚ್ಚಿ ಮತ್ತೆ ಸುತ್ತುವಳು. ನನಗೆ ಆ ತಾಳ್ಮೆ ಎಂದೂ ಇರಲಿಲ್ಲ. ತೊಂಬತ್ತರ ದಶಕದ ನಡುವಿನಲ್ಲಿ ಕಾರ್ಖಾನೆ ಬಾಗಿಲು ಹಾಕಿದಾಗ ಇಬ್ಬರೂ ಒಂದೇ ದಿನ ಮನೆಗೆ ಬಂದೆವು.

ಗಾಡಿಯ ಯೋಚನೆ ಅವಳದು — ಇದನ್ನೂ ನಾನು ಯಾರಿಗೂ ಹೇಳಿದವನಲ್ಲ. ನರಸೀಪುರದ ಕಡೆಯ ರೈತರು ಸುಟ್ಟುಹೋದ ಪಂಪ್‌ಸೆಟ್ ಮೋಟರನ್ನು ಬಿಚ್ಚಿ, ಗೋಣಿಚೀಲದಲ್ಲಿ ಸುತ್ತಿ, ಬಸ್ಸಿನ ಕಂಡಕ್ಟರ್ ಹತ್ತಿರ ಬೈಸಿಕೊಂಡು ಪೇಟೆಗೋ ಮೈಸೂರಿಗೋ ಹೊರುವುದನ್ನು ಅವಳು ನೋಡಿದ್ದಳು. ವಾರಗಟ್ಟಲೆ ನೀರಿಲ್ಲದೆ ನಾಟಿ ಮಾಡಿದ ಗದ್ದೆ ಬಿರುಕು ಬಿಡುತ್ತಿತ್ತು. ಅವರು ನಮ್ಮ ಹತ್ತಿರ ಬರುವ ಬದಲು ನಾವೇ ಪಂಪ್‌ಹೌಸಿನ ಮುಂದೆ ಹೋಗಿ ನಿಂತರೆ ಹೇಗೆ ಎಂದಳು. ಕಾರ್ಖಾನೆಯ ಸಾಮಾನು ಹರಾಜಾದಾಗ ಸುತ್ತಲೂ ತಗಡು ಮುಚ್ಚಿದ ಹಳೆಯ ಟ್ರೇಲರೊಂದು ನಮಗೆ ಸಿಕ್ಕಿತು. ಅದನ್ನು ನನ್ನ ಲಟಾರಿ ಜೀಪಿನ ಹಿಂದೆ ಕಟ್ಟಿಕೊಂಡು ಚಿಕ್ಕಯ್ಯನಛತ್ರದ ನಮ್ಮ ಮನೆಯ ಮುಂದೆ ತಂದು ನಿಲ್ಲಿಸಿದೆವು.

ಆ ಗಾಡಿಯನ್ನು ವರ್ಕ್‌ಶಾಪ್ ಮಾಡುವುದರೊಳಗೆ ನನ್ನ ಪ್ರಾಣ ಹೋಯಿತು. ನೆಲದ ತಗಡು ತುಕ್ಕು ತಿಂದು ಕಾಲಿಟ್ಟರೆ ಕುಸಿಯುತ್ತಿತ್ತು. ಅದನ್ನೆಲ್ಲ ಕಿತ್ತು ಹೊಸದು ಹಾಕಿದೆ. ಕಬ್ಬಿಣ ಕಚ್ಚಿ ಹಿಡಿಯುವ ವೈಸನ್ನು ಪಕ್ಕದ ಗೋಡೆಗೆ ಬಿಗಿದು ಜೋರಾಗಿ ತಿರುಗಿಸಿದರೆ ಗೋಡೆಯೇ ಒಳಕ್ಕೆ ಬಂತು. ಜನರೇಟರನ್ನು ಹಿಂದೆ ಕೂರಿಸಿದೆ. ಹಿಂಭಾಗ ಭಾರವಾಗಿ ಗಾಡಿ ರಸ್ತೆ ತುಂಬ ಬಾಲ ಆಡಿಸಿತು, ಎದುರಿಗೆ ಬಂದ ಬಸ್ಸಿನವನು ಗಾಡಿ ನಿಲ್ಲಿಸಿ ಉಗಿದ. ಅದನ್ನು ಬಿಚ್ಚಿ ಮುಂದಕ್ಕೆ ಹಾಕಿದೆ. ಹೊಗೆಯೆಲ್ಲ ಒಳಗೇ ತುಂಬಿಕೊಂಡಿತು. ಒಂದು ಸರಿಮಾಡಿದರೆ ಇನ್ನೊಂದು ಕೆಡುತ್ತಿತ್ತು. ಸಿಟ್ಟಿಗೆ ಸ್ಪ್ಯಾನರ್ ಎಸೆಯುತ್ತಿದ್ದೆ. ಅಕ್ಕ ಅದನ್ನು ಹುಡುಕಿ ತಂದು ಕೈಗೆ ಕೊಡುತ್ತಿದ್ದಳು, ಏನೂ ಅನ್ನುತ್ತಿರಲಿಲ್ಲ — ಅದಕ್ಕೂ ನನಗೆ ಸಿಟ್ಟು ಬರುತ್ತಿತ್ತು.

ಕೊನೆಗೆ ಒಂದು ನಕ್ಷೆಗೆ ಇಬ್ಬರೂ ಒಪ್ಪಿದೆವು. ಮುಂದೆ ಜನರೇಟರ್, ನಡುವೆ ನನ್ನ ವೆಲ್ಡಿಂಗು ಮತ್ತು ವೈಸು. ಹಿಂದಿನ ಕೊನೆಯಲ್ಲಿ ಒಂದು ಅಡ್ಡಗೋಡೆಯ ಆಚೆಗೆ ಅವಳ ವೈಂಡಿಂಗ್ ಮೇಜು. ಅಡ್ಡಗೋಡೆ ಬೇಕೇ ಬೇಕಿತ್ತು. ನಾನು ಉಜ್ಜಿದ ಕಬ್ಬಿಣದ ಪುಡಿ ತಂತಿಯ ನಡುವೆ ಬಿದ್ದರೆ ಮೋಟರ್ ಮತ್ತೆ ಸುಡುತ್ತದೆ. ಗೋಡೆಗೆ ಕಬ್ಬಿಣದ ಆಂಗಲಿನ ಚೌಕಟ್ಟು ನಿಲ್ಲಿಸಿದ ಮೇಲೆ, ಮಿಕ್ಕ ಕೆಲಸ ಆಮೇಲೆ ಮಾಡಿಕೊಳ್ಳೋಣ, ಒಂದು ಸಲ ಹೋಗಿ ನೋಡಿ ಬರೋಣ ಎಂದು ನರಸೀಪುರದ ಹತ್ತಿರದ ಒಂದು ಊರಿಗೆ ಹೊರಟೆವು.

ಅಲ್ಲಿ ಮರಿಬಸಪ್ಪ ಎಂಬ ದೊಡ್ಡ ರೈತರ ಹೊಳೆದಂಡೆಯ ಪಂಪು ಕೆಟ್ಟು ನಿಂತಿತ್ತು. ಮೋಟರು ಸುಟ್ಟಿತ್ತು, ಪಂಪಿನ ಬೀಡುಕಬ್ಬಿಣದ ಕಾಲೂ ಒಡೆದಿತ್ತು. ಕಾಲನ್ನು ನಾನು ವೆಲ್ಡ್ ಮಾಡಿದೆ. ಅಕ್ಕ ಗಾಡಿಯ ನೆಲದ ಮೇಲೆ ಹಲಗೆ ಹಾಕಿಕೊಂಡು ತಂತಿ ಸುತ್ತುವ ತನ್ನ ಕೈಮಿಷಿನ್ ಇಟ್ಟು, ಎರಡು ದಿನ ಬಾಗಿದ ಬೆನ್ನು ಎತ್ತದೆ ಮೋಟರನ್ನು ಸುತ್ತಿ ಕಟ್ಟಿದಳು. ಸ್ವಿಚ್ ಹಾಕಿದಾಗ ನೀರು ಬಂತು. ನಮ್ಮ ಕೇರಿಯವರಿಗೆ ಆ ಮನೆಯಲ್ಲಿ ಅದುವರೆಗೆ ಹಿತ್ತಿಲಲ್ಲಿ ಎಲೆ ಹಾಕುತ್ತಿದ್ದರು. ಅವತ್ತು ಮರಿಬಸಪ್ಪನವರ ಹೆಂಡತಿ ಅಕ್ಕನನ್ನು ಜಗಲಿಯ ಮೇಲೆ ಕೂರಿಸಿ ಸ್ಟೀಲ್ ತಟ್ಟೆಯಲ್ಲಿ ಊಟ ಬಡಿಸಿದರು. ಪಕ್ಕದಲ್ಲಿ ನನಗೂ ಒಂದು ತಟ್ಟೆ ಬಂತು. ಯಾರ ಕೈಯಿಂದ ಆ ತಟ್ಟೆ ನನಗೆ ಬಂತು ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು.

ನೀರು ಬಂದ ಮೂರನೇ ದಿನಕ್ಕೆ ನನ್ನ ವೆಲ್ಡಿಂಗ್ ಬಿರುಕು ಬಿಟ್ಟಿತು. ಬೀಡನ್ನು ಮೊದಲೇ ಕಾಯಿಸದೆ ಅವಸರದಲ್ಲಿ ಹಚ್ಚಿದ್ದೆ. ಅದನ್ನು ಸರಿಮಾಡಲು ನಾನೊಬ್ಬನೇ ಹೋದೆ. ಮರಿಬಸಪ್ಪ ನನ್ನ ಹಿಂದೆ ಮುಂದೆ ನೋಡಿ, ಅಕ್ಕೋರು ಬರಲಿಲ್ಲವೇ ಎಂದು ಕೇಳಿದರು. ಇನ್ನೂ ಇಬ್ಬರು ರೈತರು ಮೋಟರು ಬಿಚ್ಚಿಕೊಂಡು ಅಲ್ಲಿ ಕಾಯುತ್ತಿದ್ದರು. ಅಕ್ಕ ಬಂದಿಲ್ಲ, ನಾನು ಬಂದಿದ್ದೇನಲ್ಲ ಎಂದೆ.

"ನೀ ಬಂದ್ರೇನಪ್ಪ ಮಾಡೀಯೆ," ಎಂದರು, ಬಯ್ಯುವ ದನಿಯಲ್ಲಲ್ಲ. "ಗಾಡಿ ಅವರ್ದೇ ಅಲ್ವಾ?"

ಅಷ್ಟೇ. ಆ ಮಾತಿನಲ್ಲಿ ಒಂದು ಚೂರೂ ಸುಳ್ಳಿರಲಿಲ್ಲ. ಚಾವಣಿಯಿಂದ ನೆಲದವರೆಗೆ ನನ್ನ ಕೈಯಾರೆ ಬಡಿದು, ಕೊರೆದು, ಬೆಂಕಿಯ ಕಿಡಿಗೆ ಅಂಗಿಯೆಲ್ಲ ತೂತು ಮಾಡಿಕೊಂಡು ಕಟ್ಟಿದ ಗಾಡಿ — ಆದರೆ ಜನಕ್ಕೆ ಬೇಕಾದದ್ದು ಅದರ ಹಿಂದಿನ ಮೂರಡಿಯಲ್ಲಿ ಕೂರುವವಳು. ನಾನು ಅವಳನ್ನು ಊರೂರಿಗೆ ಕರೆದೊಯ್ಯುವ ಡ್ರೈವರ್. ಇದನ್ನು ಹೊಟ್ಟೆಕಿಚ್ಚು ಎನ್ನುತ್ತಾರೆ, ಬೇರೆ ಹೆಸರು ಹುಡುಕುವುದಿಲ್ಲ. ಆ ಬಿಸಿಲಿನಲ್ಲಿ ಎರಡನೇ ಸಲ ಆ ಕಾಲನ್ನು ವೆಲ್ಡ್ ಮಾಡುತ್ತಾ, ಇವಳು ಈ ಗಾಡಿಯಲ್ಲಿ ಇರಬಾರದು ಎಂದು ತೀರ್ಮಾನ ಮಾಡಿದೆ.

ಆ ಭಾನುವಾರ ಅಕ್ಕ ನಂಜನಗೂಡಿನ ತನ್ನ ಗಂಡನ ಮನೆಯಿಂದ ಬೆಳಗಿನ ಬಸ್ಸಿಗೇ ಬಂದಳು. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಮೇಜಿನ ಚಿತ್ರ ಬರೆದು ತಂದಿದ್ದಳು. ಮಿಷಿನ್ನಿನ ಹಿಡಿ ತಿರುಗಲು ಇಷ್ಟು, ತಂತಿಯ ಉರುಳೆಗೆ ಇಷ್ಟು, ಅವಳು ಕೂರಲು ಇಷ್ಟು — ಒಟ್ಟು ಮೂವತ್ತೆಂಟು ಇಂಚು. ಅದಕ್ಕಿಂತ ಕಡಿಮೆಯಾದರೆ ಆಗದು ಎಂದಳು. ಚೌಕಟ್ಟಿನಿಂದ ಹಿಂದಿನ ಗೋಡೆಗೆ ನಲವತ್ತು ಇಂಚು ಇದೆ ಎಂದು ಅದನ್ನು ನಿಲ್ಲಿಸಿದ ನನಗೆ ಗೊತ್ತಿತ್ತು. ಅಳೆದೇ ನೋಡೋಣ ಎಂದೆ.

ಟೇಪಿನ ಕೊಕ್ಕೆ ಹಿಡಿದು ನಾನು ಹಿಂದಿನ ಗೋಡೆಯ ಕಡೆ ಕೂತೆ. ಅಲ್ಲಿ ಪ್ಲೈವುಡ್ ಹಲಗೆಗಳು ಒರಗಿದ್ದವು, ನನ್ನ ಕೈ ಅವಳಿಗೆ ಕಾಣುತ್ತಿರಲಿಲ್ಲ. ಕೊಕ್ಕೆಯನ್ನು ಗೋಡೆಗೆ ಮುಟ್ಟಿಸದೆ ಆರು ಇಂಚು ಈಚೆಗೆ, ನೆಲಕ್ಕೆ ಹೆಬ್ಬೆರಳಿನಿಂದ ಒತ್ತಿ ಹಿಡಿದೆ. ಅವಳು ಚೌಕಟ್ಟಿನ ಹತ್ತಿರ ಬಾಗಿ ಅಂಕಿ ಓದಿದಳು.

"ಮೂವತ್ನಾಕು," ಎಂದಳು. ಅಂಕಿಯ ಮೇಲೆ ಬೆರಳಿಟ್ಟುಕೊಂಡೇ, "ಸರ್ಯಾಗಿ ಇಡ್ಕಂಡಿದ್ದೀಯೇನ್ಲಾ?" ಎಂದು ಕೇಳಿದಳು.

"ಊಂ ಕಣಕ್ಕ. ಜಾಗ ಸಾಲ್ದು."

ಸುಳ್ಳು ಹೇಳಿದವನು ನಾನು, ಅಂಕಿಯನ್ನು ಅವಳ ಬಾಯಲ್ಲೇ ಹೇಳಿಸಿದೆ. ಪ್ರತಿ ಸುತ್ತನ್ನೂ ಎರಡು ಸಲ ಎಣಿಸುವವಳು ಅವತ್ತು ಎರಡನೇ ಸಲ ಅಳೆಯಲಿಲ್ಲ. ಆ ಕಡೆಯ ತುದಿಯಲ್ಲಿ ಇದ್ದವನು ತಮ್ಮನಲ್ಲವೇ. ಮೇಜನ್ನು ಸಣ್ಣದು ಮಾಡಿಸುತ್ತೇನೆ ಎಂದಳು, ನಿಂತುಕೊಂಡೇ ಸುತ್ತುತ್ತೇನೆ ಎಂದಳು. ನಾನು ಕಬ್ಬಿಣದ ಪುಡಿಯ ಕತೆ ಹೇಳಿದೆ, ಗಾಡಿಯ ಹಿಂಭಾಗ ಭಾರವಾಗುವ ಕತೆ ಹೇಳಿದೆ. ಅವಳ ಮುಖ ನೋಡಲಾಗದೆ, ಮುಂದೆ ದೊಡ್ಡ ಗಾಡಿ ಮಾಡಿಸೋಣ ಎಂದೂ ಸೇರಿಸಿದೆ. ಅವಳು ಕ್ಯಾಲೆಂಡರನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು. ಆಮೇಲೆ ಮೂರು ಭಾನುವಾರ ಬಂದು ಗಾಡಿಯ ವೈರಿಂಗ್ ಪೂರ್ತಿ ಮಾಡಿಕೊಟ್ಟಳು. ಒಂದು ದೀಪವೂ ಈವರೆಗೆ ಕೈಕೊಟ್ಟಿಲ್ಲ.

ಗಾಡಿ ನನ್ನದಾಯಿತು. ಅವಳು ಕೂರಬೇಕಿದ್ದ ಜಾಗದಲ್ಲಿ ಪೇಂಟಿನ ಡಬ್ಬ, ಹಳೆಯ ಹಗ್ಗ, ಹರಿದ ಟಾರ್ಪಾಲು ತುಂಬಿಟ್ಟೆ. ಯಾವ ಊರಿಗೆ ಹೋದರೂ ಜನ ಮೊದಲು ಕೇಳುತ್ತಿದ್ದುದು ಮೋಟರ್ ಕಟ್ಟುತ್ತೀರಾ ಎಂದು. ಇಲ್ಲ ಎಂದು ಹೇಳಿ ಹೇಳಿ ನಾಲಿಗೆ ಸವೆಯಿತು. ಗೇಟಿನ ಹಿಂಜ್ ಬೆಸೆದು, ಪೈಪಿಗೆ ತೇಪೆ ಹಾಕಿ, ಬಂದ ದಾರಿಗೆ ಸುಂಕವಿಲ್ಲವೆಂದು ವಾಪಸ್ಸು ಬರುತ್ತಿದ್ದೆ. ನನ್ನ ಮೇಲೆ ನನಗೇ ಸಿಟ್ಟು; ಅದನ್ನು ಜೀಪಿನ ಮೇಲೆ, ಗಿರಾಕಿಗಳ ಮೇಲೆ ತೀರಿಸಿಕೊಳ್ಳುತ್ತಿದ್ದೆ. ಅಕ್ಕ ಅಷ್ಟರಲ್ಲಿ ತಾಂಡ್ಯದ ಇನ್ನೊಂದು ಕಾರ್ಖಾನೆಯಲ್ಲಿ ಪ್ಯಾಕಿಂಗಿಗೆ ಸೇರಿದ್ದಳು — ಎಂಟು ಗಂಟೆ ನಿಂತು ಪೆಟ್ಟಿಗೆಗೆ ಟೇಪ್ ಅಂಟಿಸುವ ಕೆಲಸ. ರಜೆಯ ದಿನ ಮನೆಗೆ ಬಂದರೆ ಗಾಡಿಯ ಸುತ್ತ ಒಮ್ಮೆ ಹೋಗಿ ನೋಡಿ, ದೊಡ್ಡ ಗಾಡಿಯ ವಿಚಾರ ಏನಾಯಿತು ಎಂದು ಕೇಳುತ್ತಿದ್ದಳು. ನೋಡಾಣ ಅಕ್ಕ ಎನ್ನುತ್ತಿದ್ದೆ.

ಎರಡು ವರ್ಷದ ಮೇಲೆ ಇನ್ನು ನಡೆಯದು ಎನಿಸಿ, ನರಸೀಪುರದಿಂದ ಒಬ್ಬ ವೈಂಡರನ್ನು ಕರೆತಂದೆ. ಹಗ್ಗ, ಡಬ್ಬ ಎಲ್ಲ ತೆಗೆದು ಅದೇ ಜಾಗದಲ್ಲಿ ಮೂವತ್ತೆಂಟು ಇಂಚಿನ ಮೇಜು ಕೂರಿಸಿದೆ. ಸಲೀಸಾಗಿ ಕೂತಿತು. ಮಿಕ್ಕ ಎರಡು ಇಂಚಿನಲ್ಲಿ ಅವನು ತನ್ನ ಊಟದ ಚೀಲ ನೇತುಹಾಕಿಕೊಂಡ. ಅಕ್ಕನಿಗೆ, ಹಿಂದಿನ ಗೋಡೆ ಕಿತ್ತು ಆರು ಇಂಚು ಉದ್ದ ಮಾಡಿಸಿದೆ, ನಿನಗೀಗ ಹೇಗೂ ಕೆಲಸ ಇದೆಯಲ್ಲ ಎಂದೆ. ಇದು ಎರಡನೇ ಸುಳ್ಳು. ಅಷ್ಟಕ್ಕೇ ನಿಲ್ಲಿಸಲಿಲ್ಲ, ಅವಳ ಕೈಮಿಷಿನ್ನನ್ನೂ ಕೇಳಿದೆ. ಮುಂದಿನ ಭಾನುವಾರ ಅದಕ್ಕೆ ಎಣ್ಣೆ ಬಿಟ್ಟು, ಒರೆಸಿ, ತನ್ನ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ತಂದುಕೊಟ್ಟಳು. ನಾನು ಇಸಿದುಕೊಂಡೆ. ಹೇಗೆ ಇಸಿದುಕೊಂಡೆನೋ —

ಹೋದ ತಿಂಗಳು ನೆಂಟರ ಮನೆಯೊಂದರ ನಾಮಕರಣದಲ್ಲಿ ಆ ಹಳೆಯ ಮಾತು ಮತ್ತೆ ಬಂತು, ಈ ಸಲ ಅಕ್ಕನ ಎದುರಿಗೇ. ನಮ್ಮ ಚಿಕ್ಕಪ್ಪ ನನ್ನ ಕಡೆ ತಿರುಗಿ, ಒಡಹುಟ್ಟಿದವಳಿಗೆ ಗಾಡಿಯಲ್ಲಿ ಒಂದು ಮೂಲೆ ಕೊಡಲಿಲ್ಲವಲ್ಲ ನೀನು ಎಂದರು. ನಾನು ತಲೆ ತಗ್ಗಿಸಿದೆ. ಅಕ್ಕ ಅವರನ್ನು ತಡೆದಳು.

"ಅವನೇನ್ ಮಾಡನು ಬುಡಿ ಚಿಕ್ಕಪ್ಪ. ಜಾಗ ಸಾಲ್ನಿಲ್ಲ. ನಾನೇ ಅಳ್ದು ನೋಡಿದ್ದೆ."

ಹನ್ನೆರಡು ವರ್ಷ ಅವಳು ನನ್ನ ಸುಳ್ಳನ್ನು ತನ್ನ ಮಾತೆಂದುಕೊಂಡು ನನ್ನನ್ನು ಕಾಪಾಡುತ್ತಾ ಬಂದಿದ್ದಳು.

ಮಾರನೆಯ ದಿನ ಬೆಳಿಗ್ಗೆ ನಂಜನಗೂಡಿಗೆ ಹೋದೆ. ಭಾವ ಲಾರಿಯ ಮೇಲೆ ಹೊರಗೆ ಹೋಗಿದ್ದರು. ಅವಳು ಮಧ್ಯಾಹ್ನದ ಪಾಳಿಗೆ ಹೋಗುವ ಮುಂಚೆ ಬಾಗಿಲಲ್ಲಿ ಕೂತು, ಊದಿದ ಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು. ಕೂತ ತಕ್ಷಣ ಹೇಳಿಬಿಟ್ಟೆ. ಕೊಕ್ಕೆ ಎಲ್ಲಿ ಹಿಡಿದಿದ್ದೆ, ಯಾಕೆ ಹಿಡಿದಿದ್ದೆ, ಮರಿಬಸಪ್ಪ ಏನೆಂದಿದ್ದರು, ಗೋಡೆ ಕಿತ್ತಿರಲೇ ಇಲ್ಲ — ಎಲ್ಲವನ್ನೂ. ಬಯ್ಯುತ್ತಾಳೆ, ಅಳುತ್ತಾಳೆ, ಕೊನೆಗೆ ಬಿಡು ಆಗಿದ್ದಾಯಿತು ಎನ್ನುತ್ತಾಳೆ ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕಿಕೊಂಡು ಹೋಗಿದ್ದೆ. ಅವಳು ತಿಕ್ಕುವುದನ್ನು ನಿಲ್ಲಿಸಿ ತನ್ನ ಕೈಗಳನ್ನೇ ನೋಡಿಕೊಂಡಳು.

"ನೀ ಬ್ಯಾಡ ಅಂದ್ಬುಡ್ಬೋದಾಗಿತ್ತಲ್ಲಾ ಸಿದ್ದರಾಜು," ಎಂದಳು. "ನರಸೀಪುರದ ಅಂಗ್ಡಿಯೋರು ಎಲ್ಡು ಸಲ ಬಂದು ಕರುದ್ರು, ಬಾರಮ್ಮ ಮೋಟ್ರು ಸುತ್ತಕ್ಕೆ ಅಂತ. ನಾ ಓಗ್ನಿಲ್ಲ. ನನ್ ತಮ್ಮ ದೊಡ್ಡ ಗಾಡಿ ಮಾಡುಸ್ತಾವ್ನೆ ಅಂದೆ. ನಿನ್ ಗಾಡೀಲಿ ಜಾಗ ಆಗ್ಲಿ ಅಂತ ಕಾಯ್ಕಂಡಿದ್ದೆ ಕಣೋ. ಮಿಷಿನ್ ಕೊಟ್ಟೆನಲ್ಲ, ಅವತ್ತು ಕಾಯಾದ ಬುಟ್ಟೆ."

ಎದ್ದು ಸೀರೆ ಸರಿಮಾಡಿಕೊಂಡು, ಬುತ್ತಿ ತೆಗೆದುಕೊಂಡು, ಮನೆಗೆ ಬೀಗ ಹಾಕಿ ಕಂಪನಿ ಬಸ್ಸು ನಿಲ್ಲುವ ಕಡೆ ನಡೆದಳು. ನನ್ನನ್ನು ಹೋಗು ಎನ್ನಲಿಲ್ಲ, ಕೂರು ಎನ್ನಲೂ ಇಲ್ಲ. ನಾನು ಅವಳ ಬಾಗಿಲಲ್ಲೇ ಕೂತಿದ್ದೆ.

ಕಸುಬನ್ನು ಕಿತ್ತುಕೊಂಡೆ ಎಂದು ಮೊದಲಲ್ಲಿ ಬರೆದೆ. ಅದು ಅರ್ಧ. ಅವಳ ಕಸುಬಿಗೆ ಬೇರೆ ಬಾಗಿಲುಗಳಿದ್ದವು. ಬೇಡ ಎಂಬ ಒಂದು ಮಾತು ನನ್ನಿಂದ ಬಂದಿದ್ದರೆ ಬೈದು, ಎರಡು ದಿನ ಅತ್ತು, ಮೂರನೇ ದಿನ ಆ ಅಂಗಡಿಗೆ ಹೋಗುತ್ತಿದ್ದಳು. ಆ ಮಾತಿಗೆ ಬೇಕಾದ ಧೈರ್ಯ ಇಲ್ಲದೆ ಅವಳನ್ನು ಕಾಯಲು ಕೂರಿಸಿದೆ. ಅವಳು ಹಾಗೆ ಕಾಯುತ್ತಿದ್ದಾಳೆಂದು ನನಗೆ ಗೊತ್ತಿರಲಿಲ್ಲ — ಎಂದು ಇಲ್ಲಿ ಒಂದು ಸಾಲು ಬರೆದಿದ್ದೆ. ಆಮೇಲೆ ಹೊಡೆದುಹಾಕಿದೆ. ರಜೆಯ ದಿನ ಬಂದಾಗಲೆಲ್ಲ ದೊಡ್ಡ ಗಾಡಿಯ ಮಾತು ಕೇಳುತ್ತಿದ್ದವಳ ಮುಖ ನನ್ನ ಕಣ್ಣ ಮುಂದೆಯೇ ಇತ್ತು. ನನಗೆ ಗೊತ್ತಿತ್ತು.