ಗುಳುಗುಳು ಅಂತಿದ್ದ ಬಾಗಲು

ಕಾರಿನ ಬಾಗಲು ತೆಗದ್ರ ತುಂಬಿದ ಕೊಡ ತುಳುಕಿದಂಗ ಗುಳುಗುಳು ಅನ್ನೋದು ನೀವು ಎಲ್ಲ್ಯರ ಕೇಳೀರೇನ್ರಿ? ನಾ ಅದನ್ನ ಕೇಳ್ಕೊಂತನ ಬೆಳದಾಕಿ. ಹೋದ ವರ್ಷ ದಸರಾಕ್ಕ ಮುಂಚೆ, ಹೊಸಪೇಟ್ಯಾಗ ನಮ್ಮ ದೊಡ್ಡಪ್ಪನ ಮನಿ ಮುಂದ ಮಳಿ ನೀರು ಸೋರೋ ಹರಕು ತಾಡಪಾಲು ಹೊದ್ದು ಮಲಗಿದ್ದ ಅಜ್ಜನ ಹಳೇ ಅಂಬಾಸಿಡರಿನ ಬಾಗಲು ಸುಮ್ನ ಎಳದೆ. ಗುಳುಗುಳು ಅಂತು. ಅಷ್ಟ ನೋಡ್ರಿ. ಬಸ್ಸಿಲ್ಲ, ಟಿಕೀಟಿಲ್ಲ, ನಿಂತಲ್ಲಿಂದನ ಸಂಡೂರಿಗೆ ಹೋಗಿ ಮುಟ್ಟಿದೆ.

ಸಂಡೂರಿನ ನಮ್ಮ ಮನಿ ಈಗಿಲ್ಲ. ಅಜ್ಜ ತೀರಿಕೊಂಡ ಮ್ಯಾಲೆ ಮಾರಿದ್ರು, ತಗೊಂಡವ್ರು ಕೆಡವಿದ್ರು. ಅಜ್ಜಿ ಒಲಿ ಇದ್ದ ಜಾಗದಾಗ ಈಗ ಮೊಬೈಲ್ ಅಂಗಡಿ. ಆ ಮನ್ಯಾಗ ಎಷ್ಟು ಮಂದಿ ಇದ್ವಿ ಅಂದ್ರ, ಮುಂಜಾನೆ ಬಚ್ಚಲಕ್ಕ ಪಾಳಿ ಹಚ್ಚಿದವ್ರು ಒಳಗ ಹೋಗೂದ್ರಾಗ ಮಧ್ಯಾನದ ಊಟದ ಕೈನೂ ಅಲ್ಲೇ ತೊಳಕೊಂಡು ಬರ್ತಿದ್ರು. ಸುಳ್ಳಲ್ಲ, ಸ್ವಲ್ಪ ಎಳದೀನಿ, ಅಷ್ಟ. ಮನಿ ಮುಂದನ ಅದಿರು ಲಾರಿ ಓಡಾಡೋ ರಸ್ತೆ. ಕೆಂಪು ಧೂಳು ಹೆಂಗಿತ್ತಂದ್ರ, ನಮ್ಮ ಬಿಳಿ ನಾಯಿಗೆ ಓಣಿ ಮಂದಿ ಎಲ್ಲಾ ಕೆಂಚ ಅಂತಿದ್ರು. ಒಮ್ಮೆ ಅದು ಕೆರಿಗೆ ಬಿದ್ದು ಎದ್ದು ಬಂದಾಗ ಬ್ಯಾರೆ ನಾಯಿ ಅಂತ ನಾವ ಕಲ್ಲು ಹೊಡದು ಓಡಿಸಿದ್ವಿ. ಅಜ್ಜಿ ರೊಟ್ಟಿ ಬಡಿಯೋ ಸಪ್ಳ, ಕಾದ ಹಂಚಿನ ವಾಸನಿ, ನಾಲಿಗಿ ಮ್ಯಾಲೆ ಆ ಧೂಳಿನ ಕಬ್ಬಿಣದ ರುಚಿ. ಈಗೂ ಜ್ವರ ಬಂದಾಗ ನನ್ನ ಬಾಯಾಗ ಅದ ರುಚಿ ಬರ್ತೈತಿ.

ಅಜ್ಜ ಆ ಕಾರು ಬಾಡಗಿಗೆ ಓಡಸ್ತಿದ್ದ, ಹೊಸಪೇಟಿಗೊಂದು ಸಲ, ಕಂಪ್ಲಿಗೊಂದು ಸಲ. ಐದು ಮಂದಿ ಕುಂದ್ರೋ ಗಾಡ್ಯಾಗ ಹನ್ನೊಂದು ಮಂದಿ, ಎರಡು ಕೋಳಿ. ಆದ್ರ ಅವ್ನಿಗೆ ಅದು ಕಾರಲ್ಲ, ಎತ್ತು. ಪ್ರತಿ ಸೋಮಾರ ಎತ್ತಿನ ಮೈ ತೊಳದಂಗ ತೊಳೀತಿದ್ದ. ಕಿಟಕಿ ಗ್ಲಾಸು ಇಳಿಸಿ, ಅದರ ಸಂದ್ಯಾಗೂ ಚೊಂಬಿನ್ಲೆ ನೀರು ಬಿಡ್ತಿದ್ದ. "ಕಿವ್ಯಾಗ ಧೂಳು ಕುಂತ್ರ ದನಕ್ಕ ನೋಯಂಗಿಲ್ಲೇನಬೇ" ಅಂತಿದ್ದ. ಒಂದಿನ ಬಾಗಲದ ತಳದಾಗ ಸಣ್ಣ ಸಣ್ಣ ತೂತು ಕಂಡ್ವು. ಧೂಳು ಒಳಗ ಬರೋ ದಾರಿ ಸಿಕ್ತು ಅಂತ ಭಾಳ ಖುಷಿಯಾಗಿ, ರಸ್ತೆ ಕೆಲಸದವ್ರ ಹತ್ರ ಡಾಂಬರು ಇಸ್ಕೊಂಡು ಬಂದು, ಹೆಬ್ಬಟ್ಟಿನ್ಲೆ ಒತ್ತಿ ಎಲ್ಲಾ ತೂತು ಮುಚ್ಚಿಬಿಟ್ಟ. "ಕಾರು ಮಾಡಿದವ್ರು ಮರತಿದ್ರು, ನಾ ಮುಚ್ಚೀನಿ" ಅಂತ ಊರೆಲ್ಲಾ ಹೇಳ್ಕೊಂಡು ಬಂದ. ಅವತ್ತಿಂದ ಸೋಮಾರದ ನೀರು ಬಾಗಲದಾಗ ಉಳೀತು. ಮಂಗಳಾರ ನಾವು ಸಾಲಿಗೆ ಹೋಗ್ಬೇಕಾದ್ರ ಗುಳುಗುಳು. ಅಜ್ಜಗ ಅದೂ ಹೆಮ್ಮಿನ. ಎತ್ತು ನೀರು ಕುಡದೈತಿ ಅಂತಿದ್ದ.

ನೀರು ಕುಡದ ಬಾಗಲು ತುಕ್ಕು ಕಾರಾಕ ಹತ್ತಿದ್ವು. ಅದಕ್ಕೂ ಅಜ್ಜನ ಕಡೆ ಔಷಧ ಇತ್ತು. ಪ್ರತಿ ಆಯುಧ ಪೂಜಿಗೆ ಮನಿಗೆ ಬಣ್ಣ ಹಚ್ಚಿ ಉಳದದ್ದನ್ನ ಬ್ರಶ್ಶಿನ್ಲೆ ಕಾರಿನ ಬಾಗಲಕ್ಕ ಬಳೀತಿದ್ದ. ಒಂದು ವರ್ಷ ತಲಬಾಗಲದ ಹಸರು, ಒಂದು ವರ್ಷ ಕಿಟಕಿ ನೀಲಿ. ಅತ್ತಿ ಮದುವಿ ವರ್ಷ ದೇವರ ಮನಿ ಅರಿಶಿಣ ಬಣ್ಣ. ಆ ವರ್ಷ ಬೀಗರು ಮದುಮಗಳ ಮಾರಿ ನೋಡಿದ್ದಕ್ಕಿಂತ ಕಾರಿನ ಮಾರಿ ನೋಡಿದ್ದ ಹೆಚ್ಚು.

ಅವತ್ತು ಆ ಬಾಗಲು ಹಿಡಕೊಂಡು ನಿಂತಿದ್ನಲ್ಲ, ಹಿಂದಿಂದ ದೊಡ್ಡಪ್ಪ ಬಂದ.

"ಪಂಪೀ, ಇದು ಕಾರಲ್ಲಬೇ, ಬಾಂವಿ. ಗುಜರಿಯವ್ನಿಗೆ ಹೇಳೀನಿ."

"ಬಾಗಲು ರಿಪೇರಿ ಆದ್ರ?"

"ಯಾರು ಮಾಡೋರು?"

"ನಾ."

ದೊಡ್ಡಪ್ಪ ನಕ್ಕ ನಗುವಿಗೆ ಎದುರು ಮನಿ ಕೂಸು ಎದ್ದು ಅಳಾಕ ಹತ್ತಿತು. "ಡಿಪ್ಲೊಮಾ ಸೇರಿ ನಾಕು ದಿನ ಆಗಿಲ್ಲ, ಮೆಕ್ಯಾನಿಕ್ಕಮ್ಮ ಆದ್ಲು! ಆತು, ಆಯುಧ ಪೂಜಿ ತನಕ ಬಿಡ್ತೀನಿ. ಬಾಗಲದಾಗ ಒಂದು ತೂತು ಕಂಡ್ರೂ ಗಾಡಿ ಗುಜರಿಗೆ."

ಮರುದಿನನ ಗ್ರೈಂಡರ್ ಹಿಡದೆ. ಕಿಡಿ ಹಾರಿದ್ದಕ್ಕ ಓಣಿ ಮಂದಿ ದೀಪಾವಳಿ ಮುಂಚೆನ ಬಂತು ಅಂದ್ರು. "ಗಂಡುಡುಗ್ರು ಕೆಲಸ ಇದು, ಮದುವಿ ಆಗೋ ಹುಡಿಗಿ ಮಾರಿಗೆ ಕಿಡಿ ಸಿಡದ್ರ?" ಅಂತ ಒಬ್ಬಾಕಿ ಬಂದು ಕೇಳಿದ್ಲು. "ಸಿಡೀಲಿ ಬಿಡ್ರಿ, ಕಾರಿಗೆ ಹಚ್ಚಿದಂಗ ಪುಟ್ಟಿ ಹಚ್ತೀನಿ" ಅಂದೆ. ತಳದ ತುಕ್ಕೆಲ್ಲಾ ಕೊಯ್ದು ತೆಗದ್ರ ಒಳಗ ಒಂದು ಬುಟ್ಟಿ ಕೆಂಪು ಕೆಸರು, ಅಚ್ಚ ಸಂಡೂರಿಂದು. ಈಗ ದೊಡ್ಡಪ್ಪನ ಜತಿನ ಇರೋ ಅಜ್ಜಿ ಅದನ್ನ ಕೈಯಾಗ ಹಿಡದು ಮೂಸಿ ನೋಡಿ ತುಳಸಿ ಗಿಡಕ್ಕ ಹಾಕಿದ್ಲು. ಆಮ್ಯಾಲೆ ಹುಣಸಿಹಣ್ಣು ತಂದು, ತಾಮ್ರದ ಕೊಡ ತಿಕ್ಕಿದಂಗ ನನ್ನ ಜತಿ ಕುಂತು ತುಕ್ಕು ತಿಕ್ಕಾಕ ಹತ್ತಿದ್ಲು. ಕೊಯ್ದ ಜಾಗಕ್ಕ ತ್ಯಾಪಿ ಹಾಕಾಕ ತಗಡು ಕಡಿಮಿ ಬಿತ್ತು. ಅಜ್ಜಿ ಒಳಗ ಹೋಗಿ ತನ್ನ ದೊಡ್ಡ ರೊಟ್ಟಿ ಡಬ್ಬಿ ತಂದು ಮುಂದಿಟ್ಲು. ಸಂಡೂರಿನ ಮನಿಯಿಂದ ಆಕಿ ಹೊತ್ತು ತಂದಿದ್ದು ಅದೊಂದ.

"ಕೊಯ್ಯಬೇ. ಈಗ ರೊಟ್ಟಿ ತಿನ್ನೋರು ಯಾರದಾರ."

ಅದನ್ನ ಕೊಯ್ದು, ಬಗ್ಗಿಸಿ, ರಿವೆಟ್ ಹೊಡದು ಕುಂದರಸಿದೆ. ಮ್ಯಾಲೆ ಸ್ಯಾಂಡ್‌ಪೇಪರ್ ಉಜ್ಜಾಕ ಹೋದ್ರ, ಅರಿಶಿಣದ ಕೆಳಗ ನೀಲಿ, ನೀಲಿ ಕೆಳಗ ಹಸರು. ಇಡೀ ಮನಿ ಅಲ್ಲೇ ಕುಂತಿತ್ರಿ, ತಲಬಾಗಲು, ಕಿಟಕಿ, ದೇವರ ಮನಿ. ಸ್ಯಾಂಡ್‌ಪೇಪರ್ ಕೆಳಗಿಟ್ಟೆ. ಗಟ್ಟಿ ಇದ್ದ ಬಣ್ಣ ಹಂಗ ಬಿಟ್ಟೆ, ತ್ಯಾಪಿಗಷ್ಟ ತುಕ್ಕು ಹಿಡೀಲಾರದಂಗ ರೆಡ್ ಆಕ್ಸೈಡ್ ಬಳದೆ. ಕಾರು ಕೌದಿ ಹೊದ್ದಂಗ ಕಾಣ್ತಿತ್ತು. ಕಾಣ್ಲಿ.

ಆಯುಧ ಪೂಜಿ ದಿನ ದೊಡ್ಡಪ್ಪ ಪಂಚೆ ಎತ್ತಿ ಕಟ್ಟಿ, ಮಣಕಾಲೂರಿ, ಬಾಗಲದ ತಳ ನೋಡಿದ. ಪೋಲೀಸ್ರೂ ಹಂಗ ನೋಡಂಗಿಲ್ಲ.

"ತೂತು ಅದಾವು!"

"ಅದಾವು. ಇರ್ಬೇಕಾದ ತೂತು. ನೀರು ಹೋಗಾಕ. ಅಜ್ಜ ಮುಚ್ಚಿದ್ದ, ನಾ ತೆಗದೀನಿ. ಮತ್ತ ಮುಚ್ಚಂಗಿಲ್ಲ, ಗುಜರಿಗೂ ಕೊಡಂಗಿಲ್ಲ."

"ನಮ್ಮಪ್ಪಗ ತಿಳಿಲಾರದ್ದು ನಿಂಗ ತಿಳೀತೇನಬೇ?"

ನಾ ಬಾಯಿ ತೆಗಿಯೂದ್ರಾಗ ಅಜ್ಜಿ ಚೊಂಬು ತುಂಬಿ, ಗ್ಲಾಸಿನ ಸಂದ್ಯಾಗ ನೀರು ಬಿಟ್ಲು, ಅಜ್ಜ ಬಿಡ್ತಿದ್ದಂಗ. ಎಲ್ಲಾರೂ ಬಗ್ಗಿದ್ವಿ. ತಳದಿಂದ ನೀರು ದಾರ ಇಳದಂಗ ಇಳೀತು, ಮೊದ್ಲು ಕೆಂಪಗ, ಆಮ್ಯಾಲೆ ತಿಳಿ. ದೊಡ್ಡಪ್ಪ ಬಾಗಲು ತೆಗದ, ಹಾಕಿದ. ಮತ್ತ ತೆಗದ, ಹಾಕಿದ. ಟಪ್ ಅಂತು, ಅಷ್ಟ.

"ಸಪ್ಳನ ಇಲ್ಲಲ್ಲಬೇ" ಅಂದ. ದನಿ ಗೆದ್ದವ್ನದೂ ಅಲ್ಲ, ಸೋತವ್ನದೂ ಅಲ್ಲ. ತಾನ ಹೋಗಿ ಗಾಲಿ ಕೆಳಗ ನಿಂಬಿಹಣ್ಣು ಇಟ್ಟು ಬಂದ. ಗುಜರಿಯವ್ನ ಮಾತು ಮತ್ತ ತೆಗೀಲಿಲ್ಲ. ತೆಗದ್ರೂ ಕೀಲಿ ನನ್ನ ಕಡೆನ ಐತಿ.

ಮನಿ ಇಲ್ಲ, ಅಜ್ಜ ಇಲ್ಲ. ಗುಳುಗುಳು ಉಳದಿತ್ತು, ಅದನ್ನೂ ನನ್ನ ಕೈಯಾರೆ ತೆಗದೆ, ಇಲ್ಲಂದ್ರ ಬಾಗಲು ಉಳೀತಿರ್ಲಿಲ್ಲ. ಆದ್ರ ತೂತಿನಿಂದ ಕಿತ್ತಿದ ಡಾಂಬರಿನ ಒಂದು ಉಂಡಿ ಇಟ್ಕೊಂಡೀನಿ. ಅದರ ಮ್ಯಾಲೆ ಅಜ್ಜ ಒತ್ತಿದ ಹೆಬ್ಬಟ್ಟಿನ ಗುರುತು ಗೆರಿ ಗೆರಿಯಾಗಿ ಹಂಗ ಐತಿ. ಆಗಾಗ ನನ್ನ ಹೆಬ್ಬಟ್ಟು ಅದರಾಗ ಇಟ್ಟು ನೋಡ್ತೀನಿ. ನನಗ ಇನ್ನೂ ಸಡ್ಲ ಆಗ್ತೈತಿ.