ಗರುಡನಲ್ಲದ ಹಕ್ಕಿ

ದಾಂಡೇಲಿಯ ಬಂಗೂರನಗರದ ಹಿಂದಿನ ಓಣಿಯಲ್ಲಿ ಬೆಳಕು ಪೂರ್ತಿ ಹರಿಯುವ ಮುನ್ನವೇ ಕಾಶೆವ್ವ ಮೋಟರು ಚಾಲೂ ಮಾಡುತ್ತಾರೆ. ಸೆರಗನ್ನು ಮೂಗಿಗೆ ಬಿಗಿದು, ಮಸಿ ಹಿಡಿದ ತೂಗುದೀಪವೊಂದನ್ನು ತಿರುಗುವ ಬಟ್ಟೆಯ ಗಾಲಿಗೆ ಒತ್ತುತ್ತಾರೆ. ಕಪ್ಪು ಸಿಡಿಯುತ್ತದೆ, ಅದರಡಿಯಿಂದ ಹಳದಿ ಇಣುಕುತ್ತದೆ. ಇಷ್ಟು ಬೇಗ ಯಾಕೆ ಎಂದರೆ ಕೈ ನಿಲ್ಲಿಸದೆ ಉತ್ತರ ಕೊಡುತ್ತಾರೆ: “ಹೊತ್ತೇರಿದ ಮ್ಯಾಲೆ ವೆಲ್ಡಿಂಗ್ ಅಂಗಡಿಯಾವ್ರು ಬಾಗಿಲಾ ತಗೀತಾರ್ರಿ. ಆಗ ಕರೆಂಟು ಸೊರಗತೈತಿ, ನನ್ನ ಗಾಲೀನೂ ಸೊರಗತೈತಿ.”

ಕಾಶೆವ್ವನವರ ತವರು ಮುಂಡಗೋಡ ತಾಲ್ಲೂಕಿನ ಚಿಗಳ್ಳಿ. ಪಾಲಿಶ್ ಶೆಡ್ಡು ಹಾಕಿದವರು ಗಂಡ ವೀರೇಶ. ಹಿತ್ತಾಳೆಯ ಧೂಳು ವರ್ಷಗಟ್ಟಲೆ ಎದೆಯೊಳಗೆ ಇಳಿದು, ಗಾಲಿಯ ಮುಂದೆ ನಿಂತರೆ ಅವರಿಗೆ ಕೆಮ್ಮು ತಡೆಯದಾಯಿತು. ಅಂದಿನಿಂದ ಗಾಲಿ ಕಾಶೆವ್ವನ ಪಾಲು, ಬಾಗಿಲ ಬಳಿಯ ಸ್ಟೂಲು ವೀರೇಶರ ಪಾಲು. ದಿನಕ್ಕೆ ಹತ್ತಿಪ್ಪತ್ತು ಸಾಮಾನು ಕೈದಾಟುತ್ತವೆ. ದೀಪ, ಗಂಟೆ, ತಂಬಿಗೆ, ಹಬ್ಬ ಬಂತೆಂದರೆ ಹಳಿಯಾಳ, ಜೋಯಿಡಾ ಕಡೆಯ ಗುಡಿಗಳ ಪ್ರಭಾವಳಿ.

ಇದಿಷ್ಟೇ ಆಗಿದ್ದರೆ ಕಾಶೆವ್ವನವರ ಕೆಲಸ ಊರಿಗೆ ಗೊತ್ತಿರುವ ಕೆಲಸವೇ. ಊರಿಗೆ ಗೊತ್ತಿಲ್ಲದ್ದು ಶೆಡ್ಡಿನ ಮೂಲೆಯ ಬಿಸ್ಕಿಟ್ ಡಬ್ಬಿಯಲ್ಲಿದೆ. ಅದರೊಳಗೆ ಎರಡನೇ ಮಹಾಯುದ್ಧದ ಕಾಲದ ಜರ್ಮನ್ ಅಧಿಕಾರಿಗಳ ಬೆಲ್ಟಿನ ಬಕಲುಗಳಿವೆ. ಸಿಪಾಯಿಗಳದಲ್ಲ. ರಾಯಭಾರಿಗಳು, ಸರ್ಕಾರದ ದೊಡ್ಡ ಸಾಹೇಬರು ಸಮಾರಂಭದ ದಿರಿಸಿನ ಮೇಲೆ ಕಟ್ಟುತ್ತಿದ್ದ ದುಂಡನೆಯ ಬಕಲುಗಳು. ನಡುವೆ ರೆಕ್ಕೆ ಬಿಚ್ಚಿದ ಹದ್ದು, ಅದರ ಕಾಲುಗುರಿನಲ್ಲಿ ಸ್ವಸ್ತಿಕ.

ಮೊದಲನೆಯದು ಗೋವಾ ಕಡೆಯಿಂದ ಬಂದ ಗುಜರಿ ಚೀಲದಲ್ಲಿ ಸಿಕ್ಕಿತ್ತು. “ಗರಿ ಒಂದೊಂದೂ ಎಣಿಸೂವಂಗಿತ್ರಿ. ಇಷ್ಟು ಚಂದ ಕೆಲಸ ಕರಗಸಾಕ ಮನಸ್ಸಾಗಲಿಲ್ಲ.” ಅದು ಏನೆಂದು ತಿಳಿಸಿದವರು, ಪಕ್ಕದ ಬೀದಿಯಲ್ಲಿರುವ ಇತಿಹಾಸದ ಮೇಷ್ಟರು ಶರಣಬಸವ. ಆ ಸರ್ಕಾರ ಮಾಡಿದ್ದನ್ನು ಅವರು ಶೆಡ್ಡಿನ ಹೊಸ್ತಿಲಲ್ಲೇ ಕೂತು ಸಂಜೆಗತ್ತಲಾಗುವವರೆಗೆ ವಿವರಿಸಿದರಂತೆ. ಕಾಶೆವ್ವ ಆ ದಿನ ಬಕಲನ್ನು ಗುಡಿ ಸಾಮಾನಿನ ಮಗ್ಗುಲಿಂದ ತೆಗೆದು ಬೇರೆ ಡಬ್ಬಿಗೆ ಹಾಕಿದರು. ಕರಗಿಸಬಹುದಿತ್ತಲ್ಲ? “ಕರಗಿಸಿಬಿಟ್ರ ಹಿಂಗೊಂದು ಇತ್ತು ಅಂತ ನಾಳೆ ಯಾರು ನಂಬತಾರ್ರಿ?”

ಆಮೇಲೆ ಇಬ್ಬರೂ ಸೇರಿ ಕಲಿತರು. ಮೇಷ್ಟರು ಪುಸ್ತಕ ನೋಡುತ್ತಾರೆ, ಕಾಶೆವ್ವ ಲೋಹ ನೋಡುತ್ತಾರೆ. ವಿದೇಶಾಂಗದವರ ಬಕಲೋ ಬೇರೆ ಇಲಾಖೆಯವರದೋ ಎಂಬುದನ್ನು ಹದ್ದು ಯಾವ ಕಡೆ ಮುಖ ತಿರುಗಿಸಿದೆ ಎಂಬುದರಿಂದ ಸಂಗ್ರಹಕಾರರು ಗುರುತಿಸುತ್ತಾರೆ. ಒಮ್ಮೆ ಬೆಳಗಾವಿಯಿಂದ ಯಾರೋ ಕಳಿಸಿದ ಫೋಟೊ ನೋಡಿ ಇಬ್ಬರೂ ಅದನ್ನು ರಾಯಭಾರಿಯದು ಎಂದುಬಿಟ್ಟಿದ್ದರು. ಫೋಟೊ ಕನ್ನಡಿಯಂತೆ ತಿರುವುಮುರುವಾಗಿ ಬಂದಿತ್ತು! ಈಗ ಯಾರೇ ಫೋನಿನಲ್ಲಿ ಚಿತ್ರ ಕಳಿಸಲಿ, ಪಕ್ಕದಲ್ಲೊಂದು ಪೇಪರಿನ ತುಂಡು ಇಟ್ಟು ತೆಗೆಯಿರಿ ಎನ್ನುತ್ತಾರೆ ಕಾಶೆವ್ವ. ಅಕ್ಷರ ನೆಟ್ಟಗಿದ್ದರೆ ಹದ್ದೂ ನೆಟ್ಟಗೆ.

ಅಸಲಿ ನಕಲಿಯ ಮಾತು ಬಂದರೆ ಅವರು ಬಕಲನ್ನು ಮಗುಚಿ ಹಾಕುತ್ತಾರೆ. “ಮಾರಿ ಎಲ್ಲಾರೂ ಚಂದ ಮಾಡತಾರ್ರಿ. ಬೆನ್ನಿನ ಕಡೆ ಯಾರ ಕಾಳಜಿ ಮಾಡತಾರ?” ಅಚ್ಚೊತ್ತಿ ಮಾಡಿದ ಅಸಲಿಯ ಅಂಚು ಚೊಕ್ಕ. ಎರಕ ಹೊಯ್ದ ನಕಲಿನ ಬೆನ್ನಿಗೆ ಸೂಜಿಮೊನೆಯಷ್ಟು ತೂತು, ಅರದ ಗೀರು. ಡಬ್ಬಿಯಲ್ಲಿರುವವುಗಳಲ್ಲಿ ಹೆಚ್ಚಿನವು ನಕಲಿಯೇ ಎಂದು ಅವರೇ ಹೇಳುತ್ತಾರೆ.

ಕಳೆದ ಶ್ರಾವಣದಲ್ಲಿ ಕ್ಯಾಸಲ್‌ರಾಕಿನಿಂದ ಗೋದುಬಾಯಿ ಎಂಬ ವೃದ್ಧೆ, ರೈಲ್ವೆ ಹಳಿ ಕೆಲಸದ ಮಗ ಮಲ್ಲೇಶನನ್ನು ಕರೆದುಕೊಂಡು ಬಂದರು. ಮಡಿಬಟ್ಟೆಯಲ್ಲಿ ಸುತ್ತಿ ತಂದಿದ್ದು ದೇವರ ಮನೆಯ ಗರುಡ. ಗೋದುಬಾಯಿಯ ಮಾವ ಪರಸಪ್ಪ ಕ್ಯಾಸಲ್‌ರಾಕ್ ಸ್ಟೇಶನ್ನಿನಲ್ಲಿ ಹಮಾಲಿ ಮಾಡುತ್ತಿದ್ದ ಕಾಲಕ್ಕೆ ಗೋವಾ ಪೋರ್ಚುಗೀಸರದು. ಗಡಿಯಲ್ಲಿ ಗಾಡಿ ಬದಲಿಸಲು ಇಳಿದ ಯಾವನೋ ಬಿಳಿಯ ಪ್ರಯಾಣಿಕ ಬಿಟ್ಟುಹೋದದ್ದಂತೆ. ಸ್ವಸ್ತಿಕ ಹಿಡಿದ ಹಕ್ಕಿ ಎಂದಮೇಲೆ ಗರುಡನೇ ಎಂದು ಪರಸಪ್ಪ ಅದನ್ನು ದೇವರ ಜಗುಲಿಗೇರಿಸಿದ. ಮೂರು ತಲೆಮಾರು ಅರಿಶಿನ ಕುಂಕುಮ ಕಂಡ ಗರುಡನಿಗೆ ಹಬ್ಬದ ಹೊಳಪು ಬೇಕಾಗಿತ್ತು.

ಕಾಶೆವ್ವ ಒದ್ದೆ ಬಟ್ಟೆಯಿಂದ ಅರಿಶಿನ ಒರೆಸಿ, ಮಗುಚಿ ನೋಡಿದರು. ಅಸಲಿ. ಗಾಲಿಗೆ ಕೊಟ್ಟರೆ ಚಿನ್ನದ ಲೇಪ ಹಾರಿಹೋಗುತ್ತದೆ, ಅದೊಂದು ಮಾತು. ಗಾಲಿಗೆ ಕೊಡದಿದ್ದರೆ ಯಾಕೆಂದು ಹೇಳಬೇಕು, ಅದು ಇನ್ನೊಂದು. “ಸುಮ್ನ ಒರೆಸಿ ಕೊಟ್ಟು ಕಳಿಸು ಅಂತ ನಾನ ಅಂದಿದ್ದೆ,” ಎನ್ನುತ್ತಾರೆ ವೀರೇಶ. “ಮುದುಕಿ ಜೀವ ಯಾಕ ನೋಯಸಬೇಕು?”

ಕಾಶೆವ್ವ ಮೋಟರು ಆರಿಸಿ, ಚಹಾ ತರಿಸಿ, ಗೋದುಬಾಯಿಯ ಎದುರು ಕೂತು ಎಲ್ಲವನ್ನೂ ಹೇಳಿದರು. ಮಲ್ಲೇಶ ಕೆರಳಿದ. “ನಮ್ಮ ದೇವ್ರ ಮನಿ ವಸ್ತುಕ್ಕ ಹೆಸರಿಡಾಕ ನೀವ್ಯಾರ್ರಿ? ಪಾಲಿಶ್ ಮಾಡೂದಿದ್ರ ಮಾಡ್ರಿ, ಇಲ್ಲಾಂದ್ರ ಕೊಡ್ರಿ.”

ಗೋದುಬಾಯಿ ಮಗನ ಕೈ ಹಿಡಿದು ಕೂಡಿಸಿದರು. “ಅವರು ಮಂದೀನ ಕೊಂದ್ರು ಅಂದೆಲ್ಲವಾ. ಸಣ್ಣ ಹುಡುಗರನ್ನೂ?”

“ಹೌದ್ರಿ, ಯವ್ವಾ.”

“ಇದನ್ನ ಕಟಿಗೊಂಡಾವನೂ ಕೊಂದಾನ?”

“ಅದು ಗೊತ್ತಿಲ್ರಿ. ಇವಾ ಕಚೇರ್ಯಾಗ ಕುಂತು ಬರೇ ಕಾಗದಕ್ಕ ಸಹಿ ಮಾಡಿರಬೇಕು. ಆದ್ರ ಆ ಕಾಗದಾನೂ ಅವರದ.”

ಮಲ್ಲೇಶ ಕೂಸಾಗಿದ್ದಾಗ ವಿಷಮಜ್ವರ ಬಂದು, ಗೋದುಬಾಯಿ ಆ ಹಕ್ಕಿಯ ಮುಂದೆ ರಾತ್ರಿಯೆಲ್ಲ ಕೂತು ಬೇಡಿಕೊಂಡಿದ್ದರಂತೆ. “ಹಂಗಾರ ನನ್ನ ಮಾತು ಕೇಳಿದ್ದು ಯಾರು?” ಎಂದು ಕೇಳಿದರು. ಮುದುಕಿ ಹಕ್ಕಿಯನ್ನು ಅದೇ ಬಟ್ಟೆಯಲ್ಲಿ ಸುತ್ತಿಕೊಂಡು, ಚಹಾ ಮುಟ್ಟದೆ ಎದ್ದುಹೋದರು.

“ಅವತ್ತು ನನಗ ಊಟ ಸೇರಲಿಲ್ರಿ,” ಎನ್ನುತ್ತಾರೆ ಕಾಶೆವ್ವ. “ಖರೇ ಹೇಳಿದ್ದೆ. ಆದ್ರ ಒಬ್ಬಾಕಿ ದೇವರನ್ನ ಕಸಗೊಂಡಂಗಾತಲ್ಲ ಅಂತ.”

ಹಬ್ಬ ಮುಗಿದ ಮೇಲೆ ಮಲ್ಲೇಶ ಒಬ್ಬನೇ ಬಂದ. ಒಂದು ಕೈಯಲ್ಲಿ ಬಕಲು, ಇನ್ನೊಂದರಲ್ಲಿ ಹಳೆಯ ಸಮೆ, ಹಿತ್ತಾಳೆಯ ದೀಪದ ಕಂಬ. ಅವ್ವ ಬಹಳ ದಿನ ಆ ಜಾಗವನ್ನು ಖಾಲಿ ಬಿಟ್ಟು, ಖಾಲಿ ಜಾಗಕ್ಕೇ ಕೈ ಮುಗಿದಳಂತೆ. ಕಡೆಗೆ ಒಂದು ಮುಂಜಾನೆ, “ಕೇಳಾವ ಇಲ್ಲೇ ಅದಾನ, ಹಕ್ಕಿ ಅಷ್ಟ ಹೋಗತೈತಿ,” ಎಂದು, ಅತ್ತೆಯ ಕಾಲದ ಸಮೆಯನ್ನು ಅಟ್ಟದಿಂದ ಇಳಿಸಿದಳು. ಅದನ್ನು ಪಾಲಿಶ್ ಮಾಡಿಕೊಡಬೇಕು, ಬಕಲು ಕಾಶೆವ್ವನ ಡಬ್ಬಿಯಲ್ಲಿರಲಿ ಎಂದು ಹೇಳಿ ಕಳಿಸಿದ್ದಳು. ಮಲ್ಲೇಶ ಆ ದಿನ ಸಮೆ ಹೊಳೆಯುವ ತನಕ ವೀರೇಶರ ಸ್ಟೂಲಿನ ಪಕ್ಕದಲ್ಲೇ ಕೂತಿದ್ದ.

ಪರಸಪ್ಪನಿಗೆ ಅದು ನಿಜವಾಗಿ ಹೇಗೆ ಸಿಕ್ಕಿತು, ಯಾರ ಸೊಂಟದ ಮೇಲಿತ್ತು ಎಂಬುದು ಇನ್ನೂ ಗೊತ್ತಾಗಿಲ್ಲ. “ಲೋಹ ಅದನ್ನೆಲ್ಲಾ ಹೇಳೂದಿಲ್ರಿ,” ಎನ್ನುತ್ತಾರೆ ಕಾಶೆವ್ವ. ಕೊಳ್ಳುವವರು ಫೋನು ಮಾಡುತ್ತಲೇ ಇರುತ್ತಾರೆ. ಕೆಲವರ ದನಿಯಲ್ಲಿ ಆ ಸರ್ಕಾರದ ಮೇಲಿನ ಪ್ರೀತಿ ಕೇಳಿಸುತ್ತದೆ, ಅಂಥವರಿಗೆ ಚಿತ್ರವನ್ನೂ ಕಳಿಸುವುದಿಲ್ಲ.

ಊರಿನ ಯಾವುದಾದರೂ ಕಾಲೇಜಿನಲ್ಲಿ ಒಂದು ಗಾಜಿನ ಪೆಟ್ಟಿಗೆ ಮಾಡಿಸಿ ಇವನ್ನು ಇಡಬೇಕು, ಇದು ದೇವರದಲ್ಲ, ಇಂಥವರದು ಎಂದು ಕನ್ನಡದಲ್ಲಿ ಬರೆಸಬೇಕು ಎಂಬುದೊಂದೇ ಅವರ ಆಸೆ. ಮೇಷ್ಟರು ಒಪ್ಪಿದ್ದಾರೆ. ಕಾಶೆವ್ವನಿಗೆ ಮಾತ್ರ ಅಷ್ಟು ಸಾಲದು.

“ಗೋದುಬಾಯಾರಿಗೆ ಓದಾಕ ಬರೂದಿಲ್ರಿ. ಅವರಂಥಾವ್ರು ಬಂದ್ರ ಬಾಯಿಲೆ ಹೇಳಾಕ ಯಾರರ ಅಲ್ಲಿ ಇರಬೇಕು. ಯಾರೂ ಸಿಗಲಿಲ್ಲಾಂದ್ರ, ಗಾಲಿ ಬಂದ್ ಮಾಡಿ ನಾನ ಹೋಗಿ ನಿಂದರತೇನಿ.”